ಕಡಕ್‌ನಾಥ್ ಮರಿಗಳ ಕಾಲು ಬಿಳಿಚಿದೆ, ಹೊಸ ಹುಂಜ ತರಬೇಕಾ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಐದು ವರ್ಷದ ಹಿಂದೆ ಆಸೆಪಟ್ಟು 20 ಕಡಕ್‌ನಾಥ್ ಮರಿ ತಂದೆ, ಚರ್ಮ ಮಾಂಸ ಎಲ್ಲ ಕಪ್ಪಿರುವ ತಳಿ ಅದು. ಅಂಗಡಿ ಫೀಡ್ ಹಾಕಿ ಬೆಳೆಸಿದೆವು. ನಾಯಿ, ಕಾಯಿಲೆ ಎಲ್ಲ ಕಳೆದು ಕೊನೆಗೆ ಉಳಿದದ್ದು ಒಂದು ಹುಂಜ, ಆರು ಹೇಂಟೆ. ಆಮೇಲಿನದೆಲ್ಲ ಅವುಗಳ ಸಂತಾನವೇ. ಈಗ 22 ಹೇಂಟೆ ಇವೆ. ಹುಂಜ ಮಾತ್ರ ಒಂದೇ, ಮೊದಲ ಹುಂಜದ ಮಗ. ಮರಿಗಳಿಗೆ ಈಗ ಅಕ್ಕಿ ನುಚ್ಚು, ರಾಗಿ ಹಾಕುತ್ತೇವೆ. ಕಾವಿಗೆ ನಾಟಿ ಕೋಳಿ ಕೂರಿಸುತ್ತೇವೆ. ಎರಡನೇ ವರ್ಷ 30 ಮೊಟ್ಟೆಗೆ 24 ಮರಿ ಆಗಿತ್ತು. ಈ ಬೇಸಿಗೆಯಲ್ಲಿ 32 ಮೊಟ್ಟೆಗೆ 15 ಮಾತ್ರ. ಅದರಲ್ಲಿ ನಾಲ್ಕಕ್ಕೆ ಕಾಲು ಬೂದು ಬಿಳಿ. ಹಳೆ ಹುಂಜ 1.9 ಕೆಜಿ ತೂಗುತ್ತಿತ್ತು, ಈಗಿನದು ಒಂದೂವರೆ ಕೆಜಿ ಮುಟ್ಟಿಲ್ಲ. ಒಬ್ಬರು ಪ್ರತಿ ವರ್ಷ ಹೊಸ ಹುಂಜ ತರಬೇಕು ಅಂತಾರೆ. ಇನ್ನೊಬ್ಬರು ಒಂದು ಸಲ ಗಿರಿರಾಜ ತಳಿಯ ಹುಂಜ ಬಿಡಿ, ಗಾತ್ರ ಮೊಟ್ಟೆ ಎರಡೂ ಜಾಸ್ತಿ ಆಗುತ್ತೆ ಅಂತಾರೆ. ಪಕ್ಕದ ಮನೆಯ ನಾಟಿ ಹುಂಜ ಮೆಟ್ಟಿದ ಹೇಂಟೆ ಜೀವನಪೂರ್ತಿ ಕೆಟ್ಟ ಹಾಗೆ, ಅದನ್ನು ಇಟ್ಟುಕೊಳ್ಳಬಾರದು ಅನ್ನುವವರೂ ಇದ್ದಾರೆ. ನನಗೆ ತಳಿ ಉಳಿಯಬೇಕು, ಸ್ವಲ್ಪ ಸುಧಾರಿಸಲೂ ಬೇಕು. ಏನು ಮಾಡಲಿ?

ಉತ್ತರ: ನೀವು ಲೆಕ್ಕ ಇಟ್ಟಿದ್ದೀರಿ, ಅದಕ್ಕೆ ಮೊದಲು ಧನ್ಯವಾದ. 30ಕ್ಕೆ 24, 32ಕ್ಕೆ 15 ಅಂತ ಬರೆದು ಕಳಿಸುವವರು ಅಪರೂಪ. ಬಹಳ ಜನ ‘ಮೊದಲಿನ ಹಾಗೆ ಮರಿ ಆಗ್ತಿಲ್ಲ’ ಅಂತಾರೆ, ಅಷ್ಟೇ.

ನಿಮ್ಮ ತೊಂದರೆ ಮೂರು. ಮರಿ ಕಮ್ಮಿ ಆಗಿದೆ, ಕಪ್ಪು ಬಿಡುತ್ತಿದೆ, ಗಾತ್ರ ಇಳಿದಿದೆ. ಮೂರಕ್ಕೂ ‘ರಕ್ತ ಕೆಟ್ಟಿದೆ’ ಅಂತ ಒಂದೇ ಕಾರಣ ಹೇಳಿಬಿಟ್ಟರೆ ಹೊಸ ಹುಂಜವೇ ಮದ್ದು ಅನ್ನಿಸುತ್ತದೆ. ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಮೂರಕ್ಕೂ ಬೇರೆ ಬೇರೆ ಕಾರಣ ಇದೆ, ಮತ್ತು ಬಹುಪಾಲು ನಿಮ್ಮ ಪತ್ರದಲ್ಲೇ ಇದೆ.

ಮರಿ ಯಾಕೆ ಕಮ್ಮಿ ಆಯಿತು ಅನ್ನುವುದರಿಂದ ಶುರು ಮಾಡೋಣ. ಎರಡನೇ ವರ್ಷ ಒಂದು ಹುಂಜಕ್ಕೆ ಆರು ಹೇಂಟೆ ಇದ್ದವು. ಈಗ ಒಂದು ಹುಂಜಕ್ಕೆ 22. ಕಡಕ್‌ನಾಥ್‌ನಂಥ ಹಗುರ ತಳಿಯಲ್ಲಿ ಒಂದು ಹುಂಜ ಎಂಟರಿಂದ ಹತ್ತು ಹೇಂಟೆಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಹುಂಜ ತನಗೆ ಬೇಕಾದ ಕೆಲವನ್ನೇ ಮತ್ತೆ ಮತ್ತೆ ಮೆಟ್ಟುತ್ತದೆ. ಆ ಹೇಂಟೆಗಳ ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣುತ್ತಿರುತ್ತದೆ. ಉಳಿದವುಗಳ ಬೆನ್ನು ನುಣ್ಣಗೆ ಹೊಳೆಯುತ್ತಿರುತ್ತದೆ. ನಾಳೆ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವಾಗ ಒಂದೊಂದರ ಬೆನ್ನು ನೋಡಿ. ಯಾವ ಹೇಂಟೆಯ ಮೊಟ್ಟೆ ಫಲ ಕಟ್ಟಿರುವುದಿಲ್ಲ ಅಂತ ಅಲ್ಲೇ ಅಂದಾಜು ಸಿಗುತ್ತದೆ.

ಮುಂದಿನ ಸಲ ಕಾವಿಗಿಟ್ಟ ಏಳನೇ ರಾತ್ರಿ ಮೊಟ್ಟೆಗಳನ್ನು ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಹಿಡಿಯಿರಿ. ಜೀವ ಇರುವ ಮೊಟ್ಟೆಯಲ್ಲಿ ಜೇಡದ ಕಾಲುಗಳ ಹಾಗೆ ಕೆಂಪು ನಾಳಗಳು ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಅಲುಗಾಡುತ್ತದೆ. ಪೂರ್ತಿ ತಿಳಿಯಾಗಿ ಬೆಳಗಿದರೆ ಹೆಚ್ಚಾಗಿ ಫಲ ಕಟ್ಟಿಲ್ಲದ ಮೊಟ್ಟೆ. ಕೆಂಪು ಉಂಗುರದ ಹಾಗೆ ಒಂದು ಗೆರೆ ಮಾತ್ರ ಕಂಡರೆ ಮೊದಲ ಮೂರು ನಾಲ್ಕು ದಿನದಲ್ಲೇ ಜೀವ ಹೋಗಿದೆ. ಈ ಎರಡನ್ನೂ ತೆಗೆದಿಡಿ, ಎಣಿಸಿ ಬರೆದುಕೊಳ್ಳಿ. 21 ದಿನ ಕಳೆದು ಇನ್ನೂ ಒಂದೆರಡು ದಿನ ಕಾದ ಮೇಲೆ ಒಡೆಯದೇ ಉಳಿದವನ್ನು ಹಳೆ ಪೇಪರ್ ಮೇಲೆ ಒಡೆದು ನೋಡಿ. ವಾಸನೆ ಸಹಿಸಿಕೊಳ್ಳಬೇಕು, ಆದರೆ ಅಲ್ಲಿ ಸಿಗುವ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

ತಿಳಿ ಮೊಟ್ಟೆ ಜಾಸ್ತಿ ಇದ್ದರೆ ತಪ್ಪು ಹುಂಜದ ಕಡೆ. ಒಂದೋ ಸಂಖ್ಯೆ ಸಾಲದು, ಇಲ್ಲವೇ ಹುಂಜಕ್ಕೆ ವಯಸ್ಸಾಗಿದೆ ಅಥವಾ ಬಿಸಿಲಿಗೆ ಬಳಲಿದೆ. ರಕ್ತದ ಉಂಗುರ ಜಾಸ್ತಿ ಇದ್ದರೆ ಮೊಟ್ಟೆ ಇಟ್ಟುಕೊಂಡ ರೀತಿ ತಪ್ಪು. ನೀವು ಬೇಸಿಗೆಯಲ್ಲಿ ಕೂರಿಸಿದ್ದೀರಿ. ಮನೆಯೊಳಗೆ 30 ಡಿಗ್ರಿ ಶಾಖ ಇದ್ದಾಗ ಮೊಟ್ಟೆಯೊಳಗಿನ ಜೀವ ಅರ್ಧಂಬರ್ಧ ಬೆಳೆಯಲು ಶುರು ಮಾಡಿ ಸೋತುಹೋಗುತ್ತದೆ. ಒಲೆಯ ಪಕ್ಕದ ಬುಟ್ಟಿಯಲ್ಲಿ ಹತ್ತು ಹನ್ನೆರಡು ದಿನ ಕೂಡಿಟ್ಟ ಮೊಟ್ಟೆಗೆ ಯಾವ ಹುಂಜ ಬಂದರೂ ಮರಿ ಆಗುವುದಿಲ್ಲ. ಮೊನಚು ತುದಿ ಕೆಳಗೆ ಮಾಡಿ, ಮನೆಯ ಅತಿ ತಂಪಾದ ಮೂಲೆಯಲ್ಲಿಟ್ಟು, ಏಳು ದಿನದೊಳಗೆ ಕಾವಿಗೆ ಇಡಿ. ಮಧ್ಯದ ವಾರದಲ್ಲಿ ಸತ್ತಿದ್ದರೆ ತಾಯಿ ಕೋಳಿಯ ಆಹಾರದಲ್ಲಿ ವಿಟಮಿನ್ ಕೊರತೆ ಇರಬಹುದು, ಅದರಲ್ಲೂ ಬಿ2. ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತ ಮರಿಗಳು ಜಾಸ್ತಿ ಇದ್ದಾಗ ಕಾವಿನ ಕೋಳಿ ಎದ್ದು ಓಡಾಡಿದೆಯಾ, ಗೂಡು ತೀರಾ ಒಣಗಿತ್ತಾ ಅಂತ ಮೊದಲು ವಿಚಾರಿಸಿ. ಅದೆಲ್ಲ ಸರಿ ಇದ್ದರೆ ಆಗ ನಾನು ರಕ್ತಸಂಬಂಧದ ಕಡೆ ನೋಡುತ್ತೇನೆ.

ರಕ್ತಸಂಬಂಧದ ವಿಷಯದಲ್ಲಿ ಎರಡು ನಂಬಿಕೆ ಇವೆ, ಎರಡೂ ಪೂರ್ತಿ ನಿಜ ಅಲ್ಲ. ಅಣ್ಣ ತಂಗಿ ಕೂಡಿದರೆ ಮರುದಿನವೇ ಕುಂಟು ಮರಿ ಹುಟ್ಟುತ್ತದೆ ಅನ್ನುವುದು ಒಂದು. ಕೋಳಿಗೆ ಅದೆಲ್ಲ ಲೆಕ್ಕಕ್ಕಿಲ್ಲ ಅನ್ನುವುದು ಇನ್ನೊಂದು. ನಿಜ ಏನೆಂದರೆ, ಹತ್ತಿರದ ಸಂಬಂಧದಲ್ಲಿ ಕೂಡಿದಾಗ ಕೆಡುವುದು ಮೊದಲು ರೂಪ ಅಲ್ಲ. ಫಲ ಕಟ್ಟುವುದು, ಮರಿ ಒಡೆಯುವುದು, ಮರಿ ಬದುಕುಳಿಯುವುದು ಇವು ಮೊದಲು ಇಳಿಯುತ್ತವೆ. ಅದೂ ಮೆಲ್ಲಗೆ, ಪೀಳಿಗೆಯಿಂದ ಪೀಳಿಗೆಗೆ. ಅಂಗಳದಲ್ಲಿ ಓಡಾಡುವ ಕೋಳಿ ಚೆಂದವೇ ಕಾಣುತ್ತಿರುತ್ತದೆ, ಬುಟ್ಟಿಯಲ್ಲಿ ಮಾತ್ರ ಮರಿ ಕಮ್ಮಿ ಆಗುತ್ತಿರುತ್ತದೆ.

ಎಷ್ಟು ಬೇಗ ಇಳಿಯುತ್ತದೆ ಅನ್ನುವುದಕ್ಕೆ ಅಮೆರಿಕದ ವಿಜ್ಞಾನಿ ಸೀವಾಲ್ ರೈಟ್ 1931ರಲ್ಲಿ ಕೊಟ್ಟ ಒಂದು ಲೆಕ್ಕ ಇದೆ. ಮನೆಯಲ್ಲೇ ಮಾಡಬಹುದು. ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಕೋಳಿಗಳಿಂದ ಭಾಗಿಸಿ. ಒಂದು ಹುಂಜ ಆರು ಹೇಂಟೆ ಅಂದರೆ ಉತ್ತರ ಸುಮಾರು 3.4. ಅಂದರೆ ಏಳು ಕೋಳಿ ಇದ್ದರೂ ತಳಿಯ ದೃಷ್ಟಿಯಲ್ಲಿ ನಿಮ್ಮ ಹತ್ತಿರ ಇದ್ದದ್ದು ಮೂರೂವರೆ ಕೋಳಿ. ಈಗ 1ನ್ನು ಆ ಸಂಖ್ಯೆಯ ಎರಡು ಪಟ್ಟಿನಿಂದ ಭಾಗಿಸಿ. ಒಂದು ಪೀಳಿಗೆಗೆ ಒಳಸಂಬಂಧ, ಅಂದರೆ ಹತ್ತಿರದ ರಕ್ತ ಕೂಡಿರುವ ಪ್ರಮಾಣ, ಸುಮಾರು 14.6% ಏರುತ್ತದೆ. ತಂದೆ ಒಂದೇ, ತಾಯಿ ಬೇರೆ ಇರುವ ಅಣ್ಣ ತಂಗಿ ಕೂಡಿದರೆ 12.5%, ಒಡಹುಟ್ಟಿದವೇ ಕೂಡಿದರೆ 25%. ನಿಮ್ಮಲ್ಲಿ ನಡೆದಿರುವುದು ಈ ಎರಡರ ಮಿಶ್ರಣ.

ಈಗ ಹೇಂಟೆಗಳನ್ನು 22ಕ್ಕೆ ಏರಿಸಿದಿರಿ. ಲೆಕ್ಕ ಮಾಡಿ ನೋಡಿ: 3.8. ಹದಿನಾರು ಹೇಂಟೆ ಹೆಚ್ಚಾದರೂ ಏರಿಕೆ 14.6 ಇದ್ದದ್ದು 13.1% ಆಯಿತು, ಅಷ್ಟೇ. ಅದೇ 12 ಹೇಂಟೆಗೆ ಮೂರು ಹುಂಜ ಇಟ್ಟಿದ್ದರೆ ಉತ್ತರ 9.6, ಏರಿಕೆ 5.2%. ಹತ್ತು ಹೇಂಟೆ ಕಮ್ಮಿ ಮಾಡಿ ಎರಡು ಹುಂಜ ಹೆಚ್ಚು ಮಾಡಿದರೆ ಕೆಡುಕು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮನೆಯಲ್ಲಿ ಹಳೆ ತಳಿ ಉಳಿಸುವವರು ಬಹುತೇಕ ಎಡವುವುದು ಇಲ್ಲೇ. ಹುಂಜ ಜಗಳ ಆಡುತ್ತವೆ, ಮೇವು ದಂಡ ಅಂತ ಒಂದನ್ನೇ ಉಳಿಸಿ ಮಿಕ್ಕವನ್ನು ಹಬ್ಬಕ್ಕೆ ಮುಗಿಸುತ್ತೇವೆ. ಹಾಗೆ ಮುಗಿಸಿದ ಪ್ರತಿ ಹುಂಜದ ಜೊತೆ ಎಷ್ಟೋ ಒಳ್ಳೆ ಗುಣ ಹೋಗಿಬಿಡುತ್ತದೆ, ಆಮೇಲೆ ಅದು ಹಿಂದಕ್ಕೆ ಬರುವುದಿಲ್ಲ.

ಆದರೂ 80%ನಿಂದ 47%ಗೆ ಒಂದೇ ಏಟಿಗೆ ಇಳಿದಿರುವುದಕ್ಕೆ ರಕ್ತ ಒಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. 22 ಹೇಂಟೆಗೆ ಒಂದು ಹುಂಜ, ಜೊತೆಗೆ ಬೇಸಿಗೆ, ಇವೇ ಹೆಚ್ಚಿನ ಪಾಲು ತಿಂದಿವೆ.

ಗಾತ್ರಕ್ಕೆ ಬರೋಣ. ಮೊದಲ ಮರಿಗಳಿಗೆ ಫೀಡ್ ಹಾಕಿದ್ದಿರಿ, ಈಗಿನವಕ್ಕೆ ನುಚ್ಚು, ರಾಗಿ. ಮರಿಗೆ ಮೊದಲ ಎಂಟು ವಾರ ಸುಮಾರು 20% ಪ್ರೋಟೀನ್ ಇರುವ ಆಹಾರ ಬೇಕು. ಅಕ್ಕಿಯಲ್ಲೂ ರಾಗಿಯಲ್ಲೂ ಏಳೆಂಟು ಶೇಕಡಾ ಮಾತ್ರ ಇದೆ. ಹಾಗಾಗಿ ಅಪ್ಪ 1.9, ಮಗ ಒಂದೂವರೆಯೂ ಇಲ್ಲ ಅಂತ ಹೋಲಿಸಿ ತಳಿ ಇಳಿದಿದೆ ಅನ್ನುವಂತಿಲ್ಲ. ಎರಡೂ ಒಂದೇ ಊಟ ಉಂಡಿಲ್ಲ, ಅಲ್ವಾ? ಮುಂದಿನ ತಂಡಕ್ಕೆ ಎಂಟು ವಾರ ಮರಿ ಫೀಡ್ ಹಾಕಿ. ಆಗದಿದ್ದರೆ ನುಚ್ಚಿಗೆ ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ ಬೆರೆಸಿ, ಗೆದ್ದಲು ಹಿಡಿದು ಹಾಕಿ. ಹಿಂಡಿಗೆ ಬೂಷ್ಟು ಬಂದಿದ್ದರೆ ಮಾತ್ರ ಮುಟ್ಟಬೇಡಿ. ಹೀಗೆ ಬೆಳೆಸಿದ ಮೇಲೂ ಗಾತ್ರ ಬರಲಿಲ್ಲ ಅಂದರೆ ಆಗ ತಳಿಯ ಮಾತು. ಇನ್ನೊಂದು ವಿಷಯ, ಕಡಕ್‌ನಾಥ್ ಹುಟ್ಟಾ ಸಣ್ಣ ಕೋಳಿ. ಬೆಳೆದ ಹುಂಜ ಒಂದೂವರೆಯಿಂದ ಎರಡು ಕೆಜಿ, ಹೇಂಟೆ ಒಂದೂಕಾಲರಿಂದ ಒಂದೂವರೆ. ಅದಕ್ಕಿಂತ ದಪ್ಪ ಮಾಡಲು ಹೊರಟರೆ ಅದು ಬೇರೆ ಕೋಳಿ ಆಗುತ್ತದೆ.

ಇನ್ನು ಬಿಳಿಚಿದ ಕಾಲು. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಇದು.

ಮೊದಲು ಯಾವುದು ದೋಷ ಅಲ್ಲ ಅಂತ ಹೇಳಿಬಿಡುತ್ತೇನೆ. ಕಡಕ್‌ನಾಥ್‌ನಲ್ಲಿ ಪೂರ್ತಿ ಕಪ್ಪು, ಬಿಳಿ ಗೀರಿರುವ ಪೆನ್ಸಿಲ್ಡ್, ಕತ್ತಿನಲ್ಲಿ ಹೊನ್ನಿನ ಬಣ್ಣದ ಗೋಲ್ಡನ್ ಹೀಗೆ ಮೂರು ಬಗೆ ಇವೆ. ಪುಕ್ಕದಲ್ಲಿ ಬಣ್ಣ ಕಂಡ ಮಾತ್ರಕ್ಕೆ ಬೆರಕೆ ಅಲ್ಲ. ಬೆಳೆದ ಹುಂಜದ ಜುಟ್ಟು ನೇರಳೆ ಕೆಂಪಿಗೆ ತಿರುಗುವುದೂ ಸಹಜ. ಮೊಟ್ಟೆ ಕಪ್ಪಗಿರಬೇಕು ಅನ್ನುವುದು ಶುದ್ಧ ಸುಳ್ಳು, ಕಡಕ್‌ನಾಥ್ ಮೊಟ್ಟೆ ತಿಳಿ ಕಂದು. ರಕ್ತವೂ ಕೆಂಪೇ. ಆಗಷ್ಟೇ ಹುಟ್ಟಿದ ಮರಿಯ ಬೆರಳ ತುದಿ ಬೆಳ್ಳಗಿದ್ದರೆ ಎರಡು ತಿಂಗಳು ಕಾಯಿರಿ, ಎಷ್ಟೋ ಸಲ ಕಪ್ಪಾಗುತ್ತದೆ. ನೋಡಬೇಕಾದ್ದು ಬೇರೆ ಕಡೆ. ಮರಿಯನ್ನು ಅಂಗೈ ಮೇಲೆ ಮಲಗಿಸಿ, ರೆಕ್ಕೆ ಎತ್ತಿ, ಕಂಕುಳಿನ ಚರ್ಮ ನೋಡಿ. ಬಾಯಿ ತೆರೆದು ನಾಲಿಗೆ, ಅಂಗುಳ ನೋಡಿ. ಅಲ್ಲಿ ಮಸಿ ಬಳಿದ ಹಾಗೆ ಇದ್ದರೆ ಸರಿ. ಅಲ್ಲೂ ಮಾಂಸದ ಬಣ್ಣ ಇದ್ದು ಮಚ್ಚೆ ಮಚ್ಚೆ ಕಪ್ಪು ಇದ್ದರೆ ಅದು ಬೆರಕೆ.

ಈ ಕಪ್ಪು ಹೇಗೆ ಬರುತ್ತದೆ ಗೊತ್ತಾದರೆ ಮಿಕ್ಕದ್ದು ಸುಲಭ. ಇದಕ್ಕೆ ಎರಡು ಅಂಶ ಬೇಕು. ಒಂದು, ಚರ್ಮ ಮೂಳೆ ಎಲ್ಲದಕ್ಕೂ ಕಪ್ಪು ಹರಡಿಸುವ ಅಂಶ. ಇದು ಕೋಳಿಯ 20ನೇ ವರ್ಣತಂತುವಿನಲ್ಲಿ (ಕ್ರೋಮೋಸೋಮ್) ಆಗಿರುವ ಬದಲಾವಣೆ. ಚೀನಾ ಮೂಲದ ಸಿಲ್ಕಿ, ಇಂಡೋನೇಷ್ಯಾದ ಅಯಾಮ್ ಸೆಮಾನಿ, ನಮ್ಮ ಕಡಕ್‌ನಾಥ್ ಮೂರರಲ್ಲೂ ಅದೇ ಇದೆ. ಇದು ಪ್ರಬಲ ಗುಣ, ಅಪ್ಪನಿಂದಲೋ ಅಮ್ಮನಿಂದಲೋ ಒಂದು ಪ್ರತಿ ಬಂದರೂ ಸಾಕು. ಎರಡನೆಯದು, ಚರ್ಮಕ್ಕೆ ಕಪ್ಪು ಬರದಂತೆ ತಡೆಯುವ ಅಂಶ. ಹಳದಿ, ಬಿಳಿ ಕಾಲಿನ ಕೋಳಿಗಳಲ್ಲಿ ಇದು ಇರುತ್ತದೆ, ಕಡಕ್‌ನಾಥ್‌ನಲ್ಲಿ ಇರಬಾರದು. ಇದು ಲಿಂಗದ ವರ್ಣತಂತುವಿನ ಮೇಲೆ ಕೂತಿದೆ. ಹೇಂಟೆ ಮರಿಗೆ ಇದು ಅಪ್ಪನಿಂದ ಮಾತ್ರ ಬರಲು ಸಾಧ್ಯ. ಸಿಲ್ಕಿ ಕೋಳಿಯನ್ನು ಬೇರೆ ತಳಿಗೆ ಕೂಡಿಸಿ, ಹುಂಜ ಯಾವ ಕಡೆಯದು ಅನ್ನುವುದರ ಮೇಲೆ ಮರಿಗಳ ಬಣ್ಣ ಬದಲಾಗುವುದನ್ನು ಬೇಟ್ಸನ್ ಮತ್ತು ಪನ್ನೆಟ್ 1911ರಲ್ಲೇ ಬರೆದಿಟ್ಟಿದ್ದಾರೆ.

ಇದನ್ನು ನಿಮ್ಮ ಅಂಗಳಕ್ಕೆ ತನ್ನಿ. ಪಕ್ಕದ ಮನೆಯ ಹಳದಿ ಕಾಲಿನ ನಾಟಿ ಹುಂಜ ನಿಮ್ಮ ಹೇಂಟೆಯನ್ನು ಮೆಟ್ಟಿದರೆ ಮರಿಗಳ ಕಾಲು, ಗಂಡಾಗಲಿ ಹೆಣ್ಣಾಗಲಿ, ಬಿಳಿಚುತ್ತದೆ. ನಿಮ್ಮ ನಾಲ್ಕು ಮರಿ ಹೆಚ್ಚಾಗಿ ಹೀಗೇ ಬಂದವು. ಒಂದು ಹುಂಜದ ಕೈಗೆ ಸಿಗದೆ ಉಳಿದ ಹೇಂಟೆಗಳು ಬೇಲಿಯಾಚೆಯ ಹುಂಜಕ್ಕೆ ಸಿಕ್ಕಿವೆ. ಇದು ಕಣ್ಣಿಗೆ ಕಾಣುವ ಬೆರಕೆ, ತೆಗೆದುಬಿಡಬಹುದು. ಕಾಣದ ಬೆರಕೆ ಇನ್ನೂ ಕಷ್ಟ. ಆ ಮನೆಯಲ್ಲಿ ಕಪ್ಪು ಕಾಲಿನ ನಾಟಿ ಹುಂಜವೂ ಇದ್ದರೆ, ಅದರ ಮರಿಗಳು ಮೈಯೆಲ್ಲ ಕಪ್ಪಾಗಿ ಅಚ್ಚ ಕಡಕ್‌ನಾಥ್ ಹಾಗೇ ಕಾಣುತ್ತವೆ. ಒಳಗೆ ಅರ್ಧ ನಾಟಿ. ಅಂಥ ಎರಡು ಕೂಡಿದಾಗ ನಾಲ್ಕರಲ್ಲಿ ಒಂದು ಮರಿ ಕಪ್ಪಿಲ್ಲದೆ ಹುಟ್ಟುತ್ತದೆ. ಆಗ ಅಯ್ಯೋ, ಕಪ್ಪು ಕೋಳಿಗೆ ಬಿಳಿ ಮರಿ ಹೇಗೆ ಹುಟ್ಟಿತು ಅನ್ನಿಸುತ್ತದೆ.

ನಿಮ್ಮ ಹುಂಜ ಎಂಥದು ಅಂತ ಪರೀಕ್ಷಿಸಲು ಒಂದು ದಾರಿ ಇದೆ. ಅದರ ಜೊತೆ ಎರಡು ಮೂರು ಬಿಳಿ ಚರ್ಮದ ನಾಟಿ ಹೇಂಟೆ ಬಿಟ್ಟು ಮರಿ ಮಾಡಿಸಿ. ಗಂಡು ಮರಿಗಳನ್ನು ಲೆಕ್ಕಕ್ಕೆ ತಗೋಬೇಡಿ, ತಾಯಿಯ ತಡೆ ಅಂಶ ಬಂದು ಬಿಳಿಚಿರಬಹುದು. ಹೆಣ್ಣು ಮರಿ ಮಾತ್ರ ನೋಡಿ. ಎಂಟು ಹೆಣ್ಣು ಮರಿ ಎಲ್ಲವೂ ಕಪ್ಪಾದರೆ ಹುಂಜ ಅಚ್ಚ ಅಂತ ನಂಬಬಹುದು. ಹುಂಜ ಬೆರಕೆ ಆಗಿದ್ದೂ ಹಾಗಾಗುವ ಸಾಧ್ಯತೆ 256ಕ್ಕೆ ಒಂದು. ಒಂದೇ ಒಂದು ಹೆಣ್ಣು ಮರಿ ಬಿಳಿಚಿದರೂ ಆ ಹುಂಜ ತಳಿಗೆ ಬೇಡ. ಪರೀಕ್ಷೆಯ ಮರಿಗಳನ್ನು ಬೇರೆಯಾಗಿ ಸಾಕಿ ಊಟಕ್ಕೆ ಬಳಸಿ, ತಳಿಯ ಗುಂಪಿಗೆ ಯಾವ ಕಾರಣಕ್ಕೂ ಸೇರಿಸಬೇಡಿ. ಅವುಗಳಲ್ಲಿ ಕಪ್ಪಾದವು ನೋಡಲು ಅಚ್ಚ ಕಡಕ್‌ನಾಥ್ ಹಾಗೇ ಇರುತ್ತವೆ, ಮೋಸ ಹೋಗುತ್ತೀರಿ.

ಪರ ಹುಂಜ ಮೆಟ್ಟಿದ ಹೇಂಟೆ ಜೀವನಪೂರ್ತಿ ಕೆಟ್ಟಿತು ಅನ್ನುವುದು ನಿಜ ಅಲ್ಲ. ಪಾಪ, ಈ ಮಾತಿಗೆ ಎಷ್ಟು ಒಳ್ಳೆ ಹೇಂಟೆಗಳು ಬಲಿಯಾಗಿವೆಯೋ. ಹೇಂಟೆಯ ಹೊಟ್ಟೆಯಲ್ಲಿ ಹುಂಜದ ವೀರ್ಯ ಎರಡರಿಂದ ಮೂರು ವಾರ ಜೀವಂತ ಇರುತ್ತದೆ, ಅಷ್ಟೇ. ಮೂರು ವಾರ ಯಾವ ಹುಂಜವೂ ಇಲ್ಲದ ಜಾಗದಲ್ಲಿಡಿ. ಆಮೇಲೆ ನಿಮ್ಮ ಹುಂಜ ಬಿಡಿ. ಅಲ್ಲಿಂದ ಮುಂದಿನ ಮರಿಗಳು ಅದರವೇ. ನೀವೇ ಹುಂಜ ಬದಲಿಸುವಾಗಲೂ ಇದೇ ನಿಯಮ.

ಈಗ ನಿಮ್ಮ ಮುಂದೆ ಇರುವ ದಾರಿಗಳು.

ಗಿರಿರಾಜ ಹುಂಜದ ಸಲಹೆ ಕೊಟ್ಟವರು ಸುಳ್ಳು ಹೇಳಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಹಿತ್ತಿಲಿಗೆ ಒಳ್ಳೆಯ ಕೋಳಿ. ಕಡಕ್‌ನಾಥ್ ಹೇಂಟೆಗೆ ಕೂಡಿಸಿದರೆ ಮೊದಲ ಪೀಳಿಗೆ ಗಟ್ಟಿಮುಟ್ಟಾಗಿ, ದಪ್ಪಗೆ ಬರುತ್ತದೆ. ಜನ ಅದನ್ನು ನೋಡಿ ಮರುಳಾಗುತ್ತಾರೆ. ಆದರೆ ಆ ಬೆರಕೆಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಆ ಹುರುಪಿನ ಅರ್ಧ ಹೋಗಿಬಿಡುತ್ತದೆ, ಬಣ್ಣ ಗಾತ್ರ ಎಲ್ಲ ಚೆಲ್ಲಾಪಿಲ್ಲಿ. ಮಾಂಸಕ್ಕೆ ಬೇಕಿದ್ದರೆ ನಾಲ್ಕು ಹೇಂಟೆ ಬೇರೆ ಮಾಡಿ, ಬೇರೆ ಗೂಡಿನಲ್ಲಿ ಮಾಡಿ, ಅವುಗಳ ಮರಿ ಒಂದನ್ನೂ ತಳಿಗೆ ಉಳಿಸಬೇಡಿ. ತಳಿಯ ಗೂಡಿಗೆ ಗಿರಿರಾಜ ಬೇಡ.

ಪ್ರತಿ ವರ್ಷ ಹೊಸ ಹುಂಜ ತರುವುದನ್ನೂ ನಾನು ಒಪ್ಪುವುದಿಲ್ಲ. ಒಂದು ವರ್ಷ ಆರಿಸಿ ಕಟ್ಟಿದ ಗುಣವನ್ನು ಮರುವರ್ಷ ಅಪರಿಚಿತ ಹುಂಜ ಅರ್ಧಕ್ಕೆ ತರುತ್ತದೆ. ಆ ಹುಂಜದೊಳಗೆ ಏನಿದೆ ನಿಮಗೆ ಗೊತ್ತಿಲ್ಲ. ಅದು ಹೊತ್ತು ತರುವ ರೋಗವೂ ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ಚೆಂದದ ಹುಂಜ ತಂದು ಅವತ್ತೇ ಗುಂಪಿಗೆ ಬಿಟ್ಟಿದ್ದೆ. ಹದಿನೈದು ದಿನಕ್ಕೆ ಇಡೀ ಗೂಡು ಗೊರಗೊರ ಅನ್ನತೊಡಗಿತು. ಮೈಕೋಪ್ಲಾಸ್ಮಾ. ಅದು ಮೊಟ್ಟೆಯೊಳಗಿಂದ ಮರಿಗೂ ದಾಟುವ ರೋಗ, ಬಿಳಿ ಭೇದಿಯ ಪುಲ್ಲೋರಂ ಕೂಡ ಹಾಗೇ. ಆ ಗೂಡಿನ ಕೋಳಿಗಳನ್ನು ಒಂದೊಂದಾಗಿ ತೆಗೆಯುವಾಗ ಆದ ಸಂಕಟ ಇವತ್ತಿಗೂ ಮರೆತಿಲ್ಲ. ಹೊರಗಿನ ಕೋಳಿ ಬಂದರೆ 30 ದಿನ ದೂರ ಇಡಿ. ಅದಕ್ಕೆ ಕೊನೆಯಲ್ಲಿ ನೀರು ಹಾಕಿ, ಕೈಕಾಲು ತೊಳೆದು ಒಳಗೆ ಬನ್ನಿ.

ನಿಮಗೆ ನಾನು ಹೇಳುವುದು ಮೂರು ಗೂಡಿನ ದಾರಿ. ಹೇಂಟೆಗಳನ್ನು ನಾಲ್ಕು ನಾಲ್ಕರಂತೆ ಮೂರು ಮನೆತನ ಮಾಡಿ, ಕಾಲಿಗೆ ಕೆಂಪು, ಹಸಿರು, ಹಳದಿ ರಿಂಗ್ ಹಾಕಿ. ಹೆಣ್ಣು ಮರಿ ಹುಟ್ಟಿದ ಮನೆಯಲ್ಲೇ ಉಳಿಯಬೇಕು. ಗಂಡು ಮರಿ ಮಾತ್ರ ಮುಂದಿನ ಮನೆಗೆ ಹೋಗಬೇಕು. ಕೆಂಪಿನ ಮಗ ಹಸಿರಿಗೆ, ಹಸಿರಿನ ಮಗ ಹಳದಿಗೆ, ಹಳದಿಯ ಮಗ ಕೆಂಪಿಗೆ. ಯಾವ ವರ್ಷವೂ ಒಂದೇ ಮನೆಯ ಅಣ್ಣ ತಂಗಿ ಕೂಡುವುದಿಲ್ಲ, ನೆನಪಿಡುವುದೂ ಸುಲಭ. ವರ್ಷಪೂರ್ತಿ ಮೂರು ಗೂಡು ಬೇಡ. ಮರಿ ಮಾಡಿಸುವ ಮೊದಲಿನ ಮೂರು ವಾರ ಹುಂಜಗಳಿಂದ ದೂರ, ಆಮೇಲೆ ಮೂರು ವಾರ ಜೊತೆ, ಆರು ವಾರ ಬೇರೆ ಮಾಡಿದರೆ ಸಾಕು. ಬಿದಿರು ತಡಿಕೆಯೂ ಆಗುತ್ತದೆ, ಬೇಲಿಯಾಚೆಯ ಹುಂಜ ಒಳಗೆ ಬರಬಾರದು ಅಷ್ಟೇ.

ಇದರಲ್ಲೂ ಒಂದು ಮಿತಿ ಇದೆ. ನಿಮ್ಮ ಮೂರೂ ಮನೆತನಕ್ಕೆ ಮೂಲ ಹುಂಜ ಒಂದೇ. ಹಾಗಾಗಿ ಒಂದು ಸಲ, ಶುರುವಿನಲ್ಲಿ, ಹೊರಗಿನ ಕಡಕ್‌ನಾಥ್ ರಕ್ತ ಬೇಕೇ ಬೇಕು. ಹುಂಜದ ಬದಲು ಒಂದು ದಿನದ ಮರಿ ತನ್ನಿ, ಎರಡು ಬೇರೆ ಕಡೆಯಿಂದ. ಮಧ್ಯಪ್ರದೇಶದ ಝಾಬುವಾ ಈ ಕೋಳಿಯ ತವರು. ಅಲ್ಲಿನ ಭಿಲ್ ಜನ ಇದನ್ನು ಕಾಲಿ ಮಾಸಿ ಅಂತ ಕರೆಯುತ್ತಾರೆ. 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದೂ ಝಾಬುವಾ ಹೆಸರಿಗೇ. ಸರ್ಕಾರಿ ಕೇಂದ್ರ ಆಗಲಿ, ಕೃಷಿ ವಿಜ್ಞಾನ ಕೇಂದ್ರ ಆಗಲಿ, ಖಾಸಗಿಯವರಾಗಲಿ, ಮೂರು ಪ್ರಶ್ನೆ ಕೇಳಿ: ತಾಯಿ ತಂದೆ ಕೋಳಿಗಳನ್ನು ತೋರಿಸುತ್ತೀರಾ, ಎಷ್ಟು ಹುಂಜ ಇಟ್ಟಿದ್ದೀರಿ, ಕೋಳಿಗೆ ಲಕ್ವ ಹೊಡೆಸುವ ಮ್ಯಾರೆಕ್ಸ್ ರೋಗಕ್ಕೆ ಲಸಿಕೆ ಹಾಕಿದ್ದೀರಾ. ಮೊದಲ ಪ್ರಶ್ನೆಗೇ ಹಿಂಜರಿದರೆ ವಾಪಸ್ ಬನ್ನಿ.

ಜಾಗ ಇಲ್ಲ ಅಂದರೆ ಇನ್ನೊಂದು ಉಪಾಯ ಇದೆ, ನನಗೆ ಇದೇ ಹೆಚ್ಚು ಇಷ್ಟ. ಕಡಕ್‌ನಾಥ್ ಸಾಕುವ ಇನ್ನಿಬ್ಬರ ಜೊತೆ ಮಾತಾಡಿಕೊಳ್ಳಿ. ನಿಮ್ಮದು ಕೆಂಪು ಮನೆ, ಅವರದು ಹಸಿರು, ಹಳದಿ. ಹುಂಜ ಸಾಗಿಸುವ ಬದಲು ಮೊಟ್ಟೆ ಕೊಟ್ಟು ತಗೊಳ್ಳಿ. ಒಬ್ಬರ ಮನೆಗೆ ಕಾಯಿಲೆ ಹೊಕ್ಕರೂ ತಳಿ ಇನ್ನೆರಡು ಮನೆಯಲ್ಲಿ ಉಳಿದಿರುತ್ತದೆ. ಒಬ್ಬರು ಲೆಕ್ಕ ತಪ್ಪಿಸಿದರೆ ಮೂವರದೂ ತಪ್ಪುತ್ತದೆ ಅನ್ನುವುದೇ ಇದರಲ್ಲಿರುವ ಅಪಾಯ. ನಂಬಿಕೆ ಇರುವವರನ್ನು ಸೇರಿಸಿಕೊಳ್ಳಿ.

ಸುಧಾರಣೆ ಅನ್ನುವುದು ಇದಾದ ಮೇಲೆ. ಯಾವ ಗುಣ ಆರಿಸಿದರೆ ಬೇಗ ಸಿಗುತ್ತದೆ, ಯಾವುದು ನಿಧಾನ ಅಂತ ತಿಳಿದಿರಬೇಕು. ಮೈತೂಕ, ಮೊಟ್ಟೆಯ ತೂಕ ಇವು ತಾಯಿ ತಂದೆಯಿಂದ ಮರಿಗೆ ಚೆನ್ನಾಗಿ ಇಳಿಯುತ್ತವೆ. ದಪ್ಪ ಮೊಟ್ಟೆಯ ಹೇಂಟೆ ಆರಿಸಿದರೆ ಎರಡು ಮೂರು ಪೀಳಿಗೆಯಲ್ಲೇ ವ್ಯತ್ಯಾಸ ಕಾಣಬಹುದು. ಮೊಟ್ಟೆಯ ಸಂಖ್ಯೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮರಿ ಒಡೆಯುವ ಪ್ರಮಾಣವಂತೂ ಒಂದೊಂದು ಕೋಳಿಯನ್ನು ನೋಡಿ ಆರಿಸಿದರೆ ಬದಲಾಗುವುದೇ ಕಷ್ಟ, ಇಡೀ ಕುಟುಂಬವನ್ನು ನೋಡಬೇಕು. ಕಡಕ್‌ನಾಥ್ ವರ್ಷಕ್ಕೆ ಸುಮಾರು 80ರಿಂದ 100 ಮೊಟ್ಟೆ ಇಡುವ ಕೋಳಿ. 200 ಇಡಿಸುತ್ತೇನೆ ಅಂತ ಹೊರಡಬೇಡಿ. 80 ಇಡುವ ಗುಂಪನ್ನು 100ರ ಹತ್ತಿರ ತಂದರೆ ಅದು ದೊಡ್ಡ ಕೆಲಸ.

ಹುಂಜ ಮೊಟ್ಟೆ ಇಡುವುದಿಲ್ಲ, ಆದರೆ ಮೊಟ್ಟೆಯ ಗುಣದಲ್ಲಿ ಅರ್ಧ ಪಾಲು ಅದರದೇ. ಅದಕ್ಕೇ ಹುಂಜ ಆರಿಸುವಾಗ ಅದರ ಮೈಕಟ್ಟು ನೋಡುವ ಮೊದಲು ಲೆಕ್ಕದ ಪುಸ್ತಕದಲ್ಲಿ ಅದರ ತಾಯಿಯ ಪುಟ ತೆಗೆದು ನೋಡಿ, ಅಕ್ಕತಂಗಿಯರದೂ ನೋಡಿ. ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ದಿನಾಂಕ, ಹೇಂಟೆಯ ನಂಬರ್ ಬರೆಯಿರಿ. ದಿನಾ ಆಗದಿದ್ದರೆ ವಾರದಲ್ಲಿ ಎರಡು ದಿನ ಬೆಳಿಗ್ಗೆ ಹೇಂಟೆಗಳನ್ನು ಒಂದೊಂದು ಮಂಕರಿಯಲ್ಲಿ ಮುಚ್ಚಿಟ್ಟರೆ ಯಾವುದು ಇಟ್ಟಿತು ಅಂತ ಗೊತ್ತಾಗುತ್ತದೆ. ಹಿಡಿದು ನೋಡುವುದೂ ಕಲಿಯಬೇಕು. ಹೇಂಟೆಯ ಬಾಲದ ಕೆಳಗೆ ಎರಡು ಮೊನಚು ಮೂಳೆ ಕೈಗೆ ಸಿಗುತ್ತವೆ. ಚೆನ್ನಾಗಿ ಇಡುತ್ತಿರುವ ಹೇಂಟೆಯಲ್ಲಿ ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತದೆ, ಮೂಳೆ ತೆಳ್ಳಗೆ ಬಳುಕುತ್ತದೆ. ಇಡದ ಹೇಂಟೆಯಲ್ಲಿ ಒಂದು ಬೆರಳೂ ಕಷ್ಟ. ಎದೆಮೂಳೆ ನೆಟ್ಟಗಿರಬೇಕು, ಬೆನ್ನು ಹಿಂದಕ್ಕೆ ಹೋದಂತೆ ಕಿರಿದಾಗಬಾರದು. ಎಲ್ಲವನ್ನೂ ಒಂದೇ ವಯಸ್ಸಿಗೆ, 16 ವಾರಕ್ಕೆ ಇಟ್ಟುಕೊಳ್ಳಿ, ಒಂದೇ ಬೆಳಿಗ್ಗೆ ಮೇವು ಹಾಕುವ ಮೊದಲು ತೂಗಿ.

ಆರಿಸುವುದಕ್ಕೆ ಮರಿ ಸಾಕಷ್ಟು ಇರಬೇಕು. 15 ಮರಿಯಲ್ಲಿ ಏಳೆಂಟು ಗಂಡು. ಅದರಲ್ಲಿ ಮೂರು ಉಳಿಸಿದರೆ ಅದು ಆಯ್ಕೆ ಅಲ್ಲ, ಇದ್ದದ್ದನ್ನು ಇಟ್ಟುಕೊಂಡಂತೆ. ಒಂದು ಹಂಗಾಮಿಗೆ 60 ಮರಿ ಮಾಡಿಸಿ 30 ಗಂಡಿನಲ್ಲಿ ಮೂರು ಉಳಿಸಿ, ಮನೆಗೆ ಒಂದರಂತೆ. ಯಾವುದಾದರೂ ಸತ್ತರೆ ಅಂತ ಇನ್ನೊಂದೆರಡು ಇರಲಿ. ಮೂರು ವರ್ಷದ ಒಳ್ಳೆ ಹೇಂಟೆಯನ್ನು ಮೊಟ್ಟೆ ಕಮ್ಮಿ ಆಯಿತು ಅಂತ ತೆಗೆಯಬೇಡಿ. ಮೂರು ವರ್ಷ ಕಾಯಿಲೆ ಬೀಳದೆ ಬದುಕಿದೆ ಅನ್ನುವುದೇ ಒಂದು ಗುಣ. ಹಳೆ ಹೇಂಟೆ ಉಳಿದಷ್ಟೂ ಪೀಳಿಗೆ ನಿಧಾನವಾಗಿ ಉರುಳುತ್ತದೆ, ಒಳಸಂಬಂಧವೂ ನಿಧಾನಕ್ಕೆ ಏರುತ್ತದೆ.

ಲಸಿಕೆ ಹಾಕದೆ ಉಳಿದದ್ದೇ ಗಟ್ಟಿ ತಳಿ ಅನ್ನುವವರ ಮಾತು ಕೇಳಬೇಡಿ. ಜೋರು ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಆರಿಸಲು ಏನೂ ಉಳಿಯುವುದಿಲ್ಲ. ಐದರಿಂದ ಏಳನೇ ದಿನ ಲಸೋಟ, ನಾಲ್ಕನೇ ವಾರ ಮತ್ತೊಮ್ಮೆ, ಎಂಟರಿಂದ ಹತ್ತನೇ ವಾರದಲ್ಲಿ ಆರ್2ಬಿ, ಎರಡೂ ಈ ರೋಗದ ಲಸಿಕೆಗಳೇ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ.

ಈ ತಿಂಗಳು ಇಷ್ಟು ಮಾಡಿ. ಬಿಳಿಚಿದ ನಾಲ್ಕು ಮರಿಗೆ ಗುರುತು ಹಾಕಿ ಬೇರೆ ಮಾಡಿ. ಉಳಿದ 11ರಲ್ಲಿ ಗಂಡು ಎಷ್ಟಿದ್ದರೂ ಒಂದನ್ನೂ ಕೊಡಬೇಡಿ, ಕೊಯ್ಯಬೇಡಿ. ತಡಿಕೆ ಕಟ್ಟಿ, ಬೆನ್ನಿನ ಪುಕ್ಕ ಹೋಗಿರುವ, ಕಂಕುಳು ನಾಲಿಗೆ ಮಸಿಯಂತಿರುವ ಹತ್ತು ಹೇಂಟೆಗಳನ್ನು ಮೂರು ವಾರ ಹುಂಜದಿಂದ ಬೇರೆ ಇಡಿ. ಆಮೇಲೆ ಹುಂಜ ಬಿಟ್ಟು, ಹತ್ತನೇ ದಿನದಿಂದ ಮೊಟ್ಟೆ ಕೂಡಿಸಿ, ಬಿಸಿಲು ಇಳಿದ ಮೇಲೆ ಕಾವಿಗೆ ಇಡಿ. ಏಳನೇ ದಿನ ತಿಳಿ ಮೊಟ್ಟೆ ಎಷ್ಟು, ಉಂಗುರ ಎಷ್ಟು, ಚಿಪ್ಪಿನೊಳಗೆ ಸತ್ತದ್ದು ಎಷ್ಟು, ಬಿಳಿಚಿದ ಮರಿ ಎಷ್ಟು, ನಾಲ್ಕೂ ಲೆಕ್ಕ ಬರೆದು ಕಳಿಸಿ. ಹುಂಜವನ್ನು ಇಟ್ಟುಕೊಳ್ಳಬೇಕಾ ಬೇಡವಾ ಅಂತ ಆಗ ಕೂತು ನೋಡೋಣ.